ಎರಡನೇ ಪ್ರತಿವಾದಿ

ಪಕ್ಕದ ಅಂಗಡಿಯಲ್ಲಿ ಗಾಜು ಒಡೆದರೆ ನಾನು ಹೊಲಿಗೆ ಯಂತ್ರ ನಿಲ್ಲಿಸಿ ಎದ್ದು ಹೋಗುವವಳಲ್ಲ. ಫೋಟೋಗಳಿಗೆ ಕಟ್ಟು ಹಾಕುವವಳ ಅಂಗಡಿಯಲ್ಲಿ ಗಾಜು ಒಡೆಯದೆ ಮತ್ತೇನು ಒಡೆಯುತ್ತದೆ? ಆದರೆ ಆ ಬೆಳಿಗ್ಗೆ ಒಂದು ಒಡೆಯಿತು, ಅದರ ಬೆನ್ನಿಗೇ ಇನ್ನೊಂದು, ಆಮೇಲೆ ಮತ್ತೊಂದು. ನಮ್ಮಿಬ್ಬರ ನಡುವಿನ ಗೋಡೆ ಎಷ್ಟು ತೆಳುವೆಂದರೆ ಅವಳು ಆಕಳಿಸಿದರೂ ನನಗೆ ಕೇಳುತ್ತದೆ. ಕತ್ತರಿ ಕೆಳಗಿಟ್ಟು ಹೋದೆ.

ಅವಳನ್ನು ಬೀದಿಯವರೆಲ್ಲ ಚಿಕ್ಕವಳು ಎಂದೇ ಕರೆಯುವುದು. ವಯಸ್ಸು ನಲವತ್ತು ದಾಟಿದೆ, ಮೂಗಿನ ಮೇಲೆ ಕನ್ನಡಕ ಬಂದು ಕೂತಿದೆ, ಅದೇ ಮೂಗಿನ ತುದಿಯಲ್ಲಿ ಕೋಪ ಮೊದಲಿನಿಂದಲೂ ಇದೆ. ಆದರೂ ಒಬ್ಬ ಅಕ್ಕ, ಒಬ್ಬ ಅಣ್ಣ ಆದಮೇಲೆ ಹುಟ್ಟಿದವಳು ತಲೆ ನರೆತರೂ ಚಿಕ್ಕವಳೇ. ಮದುವೆಯ ಉಸಾಬರಿಗೆ ಹೋಗಲಿಲ್ಲ. ಅಪ್ಪನ ಅಂಗಡಿಯನ್ನೇ ಕಟ್ಟಿಕೊಂಡಿದ್ದೀಯ ಎಂದು ನಾನು ರೇಗಿಸುತ್ತೇನೆ, ಗಂಡನಿಗಿಂತ ವಾಸಿ, ಗೊರಕೆ ಹೊಡೆಯೋದಿಲ್ಲ ಎಂದು ಅವಳು ಹೇಳುತ್ತಾಳೆ.

ನಾನು ಒಳಗೆ ಕಾಲಿಟ್ಟಾಗ ಅವಳು ಗಾಜಿನ ಚೂರುಗಳ ನಡುವೆ ನಿಂತಿದ್ದಳು. ಕೈಯಲ್ಲಿ ಒಂದು ಕಾಗದ.

"ಓದು," ಎಂದು ಅದನ್ನು ನನ್ನ ಮುಖಕ್ಕೇ ಹಿಡಿದಳು. "ಕೋರ್ಟಿಂದ ಬಂದಿದೆ. ಈಗಷ್ಟೇ ಒಬ್ಬ ಬಂದು ಸಹಿ ಮಾಡಿಸ್ಕೊಂಡು ಕೊಟ್ಟು ಹೋದ."

ಅದು ಸಮನ್ಸು. ವಾದಿ ಎಂಬಲ್ಲಿ ಅವಳ ಅಕ್ಕನ ಹೆಸರು. ಒಂದನೇ ಪ್ರತಿವಾದಿ, ಅಣ್ಣ. ಎರಡನೇ ಪ್ರತಿವಾದಿ, ಇವಳು. ಅಪ್ಪನ ಕಟ್ಟಡವನ್ನು ಭಾಗ ಮಾಡಿಕೊಡಬೇಕೆಂಬ ದಾವೆ.

"ಸರಿ, ಭಾಗ ಕೇಳಿದಾಳೆ. ಅದಕ್ಕೆ ಗಾಜು ಏನು ಮಾಡಿತ್ತು?" ಎಂದೆ.

"ಪ್ರತಿವಾದಿ ಅಂದ್ರೆ ಏನು ಗೊತ್ತಾ ನಿಂಗೆ? ಅನ್ಯಾಯ ಆಯ್ತು ಅಂತ ಹೋಗೋವ್ರು ವಾದಿ. ಆ ಅನ್ಯಾಯ ಮಾಡಿದವ್ರು ಪ್ರತಿವಾದಿ. ನಾನೇನು ಅನ್ಯಾಯ ಮಾಡ್ದೆ ಅವಳಿಗೆ? ಕಳ್ಳರನ್ನ ನಿಲ್ಲಿಸೋ ಜಾಗದಲ್ಲಿ ನನ್ನ ನಿಲ್ಲಿಸಿದಾಳಲ್ಲ!"

ನನಗೂ ಆವತ್ತು ಆ ಪದದ ಅರ್ಥ ಅಷ್ಟೇ ಗೊತ್ತಿದ್ದದ್ದು. ಹಾಗಾಗಿ ಹೋಗಿ ಪೊರಕೆ ತಂದೆ.

ನಡೆದದ್ದು ಇಷ್ಟು. ಕೆಳಗೆ ಅಂಗಡಿ, ಅದರ ಹಿಂದೆ ಚಿಕ್ಕವಳ ಒಂದು ಕೋಣೆ, ಮೇಲೆ ಅಣ್ಣ ಅತ್ತಿಗೆಯ ಸಂಸಾರ. ಅಣ್ಣ ವಿಮೆ ಮಾರುವವನು. ನಾಳೆಯೇ ಸಾಯುತ್ತೀರಿ ಎಂಬುದನ್ನೂ ನಗುನಗುತ್ತಾ ಹೇಳಬಲ್ಲ. ಅವನು ಇಡೀ ಕಟ್ಟಡವನ್ನು ಒಬ್ಬ ಪೀಠೋಪಕರಣ ವ್ಯಾಪಾರಿಗೆ ಮಾರಲು ಮಾತಾಡಿಕೊಂಡಿದ್ದ. ಹೊಸದಾಗಿ ಎದ್ದೇಳುವ ಕಟ್ಟಡದ ಮುಂಭಾಗದಲ್ಲೇ ನಿನಗೊಂದು ಅಂಗಡಿ ಕೊಡಿಸುತ್ತೇನೆ ಎಂದು ತಂಗಿಗೆ ಆಸೆ ತೋರಿಸಿದ್ದ. ಊರಿನ ಆ ತುದಿಯಲ್ಲಿರುವ ಅಕ್ಕನಿಗೆ ಮಾತ್ರ ಒಂದು ಮಾತೂ ಹೇಳಿರಲಿಲ್ಲ.

ಅಕ್ಕನಿಗೆ ಹೇಗೋ ಸುದ್ದಿ ಮುಟ್ಟಿತು. ಸಮನ್ಸು ಬರುವುದಕ್ಕೆ ಕೆಲವು ವಾರ ಮುಂಚೆ ಅವಳು ಅಂಗಡಿಗೆ ಬಂದು, "ಅಪ್ಪನ ಮನೆ ಮೂರೂ ಜನದ್ದು. ಅವನೊಬ್ಬನೇ ಮಾರೋಕೆ ನಾನು ಬಿಡಲ್ಲ. ನೀನೂ ನನ್ನ ಜೊತೆ ದಾವೆಗೆ ಸೇರು," ಎಂದಿದ್ದಳು. ಚಿಕ್ಕವಳು ಅಂಚುಪಟ್ಟಿ ಕೊಯ್ಯುತ್ತಾ ತಲೆ ಎತ್ತದೆ, "ನನ್ನ ಇದರಲ್ಲಿ ಎಳೀಬೇಡ. ನಾನು ಯಾರ ಕಡೆಗೂ ಇಲ್ಲ," ಎಂದುಬಿಟ್ಟಿದ್ದಳು. ಅಕ್ಕ "ಆಗಲಿ," ಎಂದು ಹೊರಟುಹೋದಳು. ನಾನು ಗೋಡೆಯ ಈಚೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದೆ. ಕಿವಿ ಮುಚ್ಚಿಕೊಳ್ಳಲು ನನಗೇನು ಬೇರೆ ಕೆಲಸವಿಲ್ಲವೇ?

"ಆಗಲಿ ಅಂದ್ಲು ತಾನೆ? ಎಳೀಬೇಡ ಅಂದ್ರೆ ಆಗಲಿ ಅಂದ್ಲು. ಈಗ ನೋಡು," ಎಂದು ಚಿಕ್ಕವಳು ಆ ದಿನವೆಲ್ಲ ಅದನ್ನೇ ತಿರುಗಿಸಿ ಮುರುಗಿಸಿ ಹೇಳಿದಳು.

ಮಧ್ಯಾಹ್ನ ಅಕ್ಕನ ಫೋನು ಬಂತು. ಚಿಕ್ಕವಳು ಅದು ಬಡಿದುಕೊಳ್ಳುವುದನ್ನು ನೋಡುತ್ತಾ ನಿಂತಳು. ಮತ್ತೆ ಬಂತು, ಕತ್ತರಿಸಿದಳು.

"ಎತ್ತೇ. ಏನು ಹೇಳ್ತಾಳೋ ಕೇಳು," ಎಂದೆ.

"ಕೋರ್ಟಲ್ಲೇ ಕೇಳ್ತೀನಿ. ಅಲ್ಲಿಗೆ ಕರೆದಿರೋದು ಅವಳೇ ಅಲ್ವಾ?"

ಅಕ್ಕ ಆಮೇಲೆ ಫೋನು ಮಾಡಲಿಲ್ಲ. ಅಣ್ಣ ಮಾತ್ರ ಮೆಟ್ಟಿಲಿಳಿದು ಬಂದ. ತಂಗಿಯ ಮುಖ ನೋಡಿದ ಕೂಡಲೇ ಅವನಿಗೆ ಗಾಳಿ ಎತ್ತ ಬೀಸುತ್ತಿದೆಯೆಂದು ತಿಳಿದುಹೋಯಿತು.

"ಬೇಜಾರು ಮಾಡ್ಕೋಬೇಡಮ್ಮಾ," ಎಂದ, ವಿಮೆ ಮಾರುವ ದನಿಯಲ್ಲಿ. "ಅವಳು ನಮ್ಮನ್ನ ಬೇರೆಯೋರು ಅಂದ್ಕೊಂಡ್ಳು, ನಾವೇನು ಮಾಡೋಕಾಗುತ್ತೆ? ನಾವಿಬ್ರೂ ಪ್ರತಿವಾದಿಗಳೇ. ಇಬ್ಬರಿಗೂ ಒಬ್ಬನೇ ವಕೀಲ ಸಾಕು. ನೀನು ಓಡಾಡೋದೂ ಬೇಡ. ಇಲ್ಲೊಂದು ಸಹಿ ಹಾಕು."

ಗಾಜು ಕೊಯ್ಯುವ ಹಲಗೆಯ ಮೇಲೇ ಕಾಗದ ಇಟ್ಟು ವಕಾಲತ್ತಿಗೆ ಸಹಿ ಹಾಕಿದಳು. ಅಂದರೆ ನನ್ನ ಪರವಾಗಿ ಈ ವಕೀಲರು ಮಾತಾಡಲಿ ಎಂಬ ಒಪ್ಪಿಗೆ. ಇನ್ನಷ್ಟು ದಿನ ಬಿಟ್ಟು ಅವನು ಅಕ್ಕನ ದಾವೆಗೆ ಕೊಡುವ ಉತ್ತರವನ್ನು ಬೆರಳಚ್ಚು ಮಾಡಿಸಿ ತಂದ. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಅವಳ ಕೈಗೆಲ್ಲ ಅಂಟು ಮೆತ್ತಿತ್ತು. ಸೊಂಟಕ್ಕೆ ಕೈ ಒರೆಸಿಕೊಂಡು ಪುಟಪುಟಕ್ಕೂ ಸಹಿ ಎಳೆದಳು.

"ಓದಿ ಹಾಕೇ ತಾಯಿ," ಎಂದೆ ನಾನು. ಅವಳದೊಂದು ರವಿಕೆ ಕೊಡಲು ಬಂದಿದ್ದೆ.

"ವಕೀಲರು ಓದಿದಾರೆ, ಅಣ್ಣ ಓದಿದಾನೆ. ನಾನೂ ಓದಿ ಏನು ಪರೀಕ್ಷೆ ಬರೀಬೇಕಾ?"

ಅಣ್ಣ ನಕ್ಕ. ನನಗೆ ಆ ನಗು ಸೇರಲಿಲ್ಲ, ಆದರೆ ಸೇರಲಿಲ್ಲ ಎಂದು ಹೇಳುವಷ್ಟು ಧೈರ್ಯವೂ ಬರಲಿಲ್ಲ.

ಅಲ್ಲಿಂದ ಮುಂದೆ ಚಿಕ್ಕವಳು ಕಾಲು ಸುಟ್ಟ ಬೆಕ್ಕಿನ ಹಾಗಾದಳು. ಅಂಗಡಿ ಬಾಗಿಲಿಗೆ ಬಂದು ನಿಲ್ಲುವಳು, ಒಳಗೆ ಹೋಗುವಳು, ಫೋನು ಕೈಗೆತ್ತಿಕೊಂಡು ನೋಡಿ ಕೆಳಗಿಡುವಳು. ಕಟ್ಟಿನ ನಾಲ್ಕು ಪಟ್ಟಿಗಳ ತುದಿಗಳನ್ನು ಓರೆಯಾಗಿ ಕೊಯ್ದು ಕೂಡಿಸಬೇಕು. ಒಂದು ಮೂಲೆ ಕೂದಲೆಳೆಯಷ್ಟು ತಪ್ಪಿದರೂ ಕೊನೆಯ ಮೂಲೆ ಬಾಯಿ ತೆರೆದುಕೊಳ್ಳುತ್ತದೆ. ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸ ಅವಳ ಕೈಗೆ ಹತ್ತಲಿಲ್ಲ. ಒಬ್ಬ ಗಿರಾಕಿ ತನ್ನ ಮದುವೆಯ ಚಿತ್ರವನ್ನು ವಾಪಸು ತಂದು, ಬಾಯ್ಬಿಟ್ಟ ಮೂಲೆಗೆ ಬೆರಳಿಟ್ಟು ತೋರಿಸಿದ. ಚಿಕ್ಕವಳು ಕ್ಷಮೆ ಕೇಳುವ ಬದಲು ಅವನ ಮೇಲೇ ಹರಿಹಾಯ್ದಳು. ನಾನು ನಡುವೆ ಬಂದು ಅವನನ್ನು ಸಮಾಧಾನ ಮಾಡಿ ಕಳಿಸಬೇಕಾಯಿತು.

"ಅವಳು ಒಂದು ಸಲ ಇಲ್ಲಿಗೆ ಬಂದು ಜಗಳ ಆಡಿದ್ರೂ ಸಾಕಿತ್ತು," ಎಂದಳು ಆಮೇಲೆ. "ನಾನು ಫೋನು ಎತ್ತಲಿಲ್ಲ, ನಿಜ. ಅಷ್ಟಕ್ಕೇ ಸುಮ್ಮನಾಗಿಬಿಡೋದಾ? ನನಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು. ಬಾಚಿಸ್ಕೊಳ್ಳದೆ ಓಡಿದ್ರೆ ಬೀದಿ ಕೊನೆ ತನಕ ಅಟ್ಟಿಸ್ಕೊಂಡು ಬರ್ತಿದ್ಲು."

ಮೊದಲ ಸಲ ಕೋರ್ಟಿಗೆ ಹೋದಾಗ ನಾನೂ ಅಂಗಡಿ ಮುಚ್ಚಿ ಜೊತೆಗೆ ಹೋದೆ. ಆಸರೆಗೆ ಎನ್ನುತ್ತೇನೆ ನಾನು. ಕುತೂಹಲಕ್ಕೆ ಎಂದು ನೀವಂದರೆ ಜಗಳಕ್ಕೆ ಬರುವುದಿಲ್ಲ.

ಕೋರ್ಟು ಎಂದರೆ ಏನೇನೋ ಅಂದುಕೊಂಡಿದ್ದೆ. ನೋಡಿದರೆ ರೈಲು ನಿಲ್ದಾಣದ ಹಾಗೆ ಬೆಂಚುಗಳು, ಕಿರುಗುಟ್ಟುವ ಪಂಖ, ಕರೆಯುವವರೆಗೂ ಕಾಯುವ ಜನ. ಈ ಕಡೆ ವಾದಿಗಳು, ಆ ಕಡೆ ಪ್ರತಿವಾದಿಗಳು ಎಂದು ಗೆರೆಯನ್ನೇನೂ ಎಳೆದಿರಲಿಲ್ಲ. ಅಕ್ಕ ಮುಂದಿನ ಬೆಂಚಿನಲ್ಲಿ ತನ್ನ ವಕೀಲೆಯ ಪಕ್ಕ ಕೂತಿದ್ದಳು. ಕಣ್ಣಾಸ್ಪತ್ರೆಯಲ್ಲಿ ನರ್ಸು ಅವಳು. ಕೆಲಸದ ನಡುವೆಯೇ ಬಂದಿದ್ದಳೆಂದು ಕಾಣುತ್ತದೆ, ಬಿಳಿ ಬೂಟು ಹಾಕಿಕೊಂಡಿದ್ದಳು. ಚಿಕ್ಕವಳು ಅಣ್ಣನ ಜೊತೆ ಹಿಂದಿನ ಸಾಲಿನಲ್ಲಿ ಕೂತು, ಅಕ್ಕನ ಬೆನ್ನನ್ನು ತೂತು ಬೀಳುವಂತೆ ನೋಡಿದಳು.

ದಾವೆ ಕರೆದರು. ಎರಡೂ ಕಡೆಯವರು ಹೇಳಿದ್ದನ್ನು ನೋಡಿ, ಯಾವ ಯಾವ ಪ್ರಶ್ನೆಗಳು ತೀರ್ಮಾನವಾಗಬೇಕು ಎಂದು ನ್ಯಾಯಾಧೀಶರು ಆವತ್ತು ಗೊತ್ತು ಮಾಡಬೇಕಿತ್ತು. ಅವರು ಬೇಳೆಯಲ್ಲಿ ಕಲ್ಲು ಆರಿಸುವವರ ಹಾಗೆ ಪುಟ ತಿರುವಿ, ಬೆರಳಚ್ಚಿನವಳಿಗೆ ಹೇಳಿ ಬರೆಸಿದರು:

"ಒಂದು. ವಾದಿಯು ಮೃತರ ಮಗಳು ಎಂಬುದನ್ನು ವಾದಿಯು ಸಾಬೀತುಪಡಿಸುತ್ತಾರೆಯೇ?"

ಚಿಕ್ಕವಳು ನನ್ನ ತೊಡೆ ಚಿವುಟಿದಳು. "ಏನಂದ್ರು?"

ಮುಂದೆ ಅಕ್ಕ ಅಲುಗಾಡದೆ ಕೂತಿದ್ದಳು.

ಇಲ್ಲೊಂದು ಮಾತು ಹೇಳಬೇಕು. ಅಕ್ಕ ಅವರ ಅಪ್ಪನ ಮೊದಲ ಹೆಂಡತಿಯ ಮಗಳು. ಹೆತ್ತವಳು ಬೇಗ ತೀರಿಕೊಂಡು, ಮಗು ಸೋದರಮಾವನ ಮನೆಯಲ್ಲಿ ಬೆಳೆದು, ಅಪ್ಪ ಎರಡನೇ ಮದುವೆಯಾದ ಮೇಲೆ ಈ ಮನೆಗೆ ಬಂತು. ಆಮೇಲೆ ಎರಡನೇ ಹೆಂಡತಿಯೂ ತೀರಿಕೊಂಡಾಗ ತಮ್ಮ ತಂಗಿಯನ್ನು ಸಾಕಿದವಳು ಇವಳೇ. ಈ ಮನೆಯಲ್ಲಿ ಮಲತಾಯಿ, ಮಲಮಗಳು ಎಂಬ ಮಾತನ್ನು ಒಬ್ಬರೂ ಆಡಿದ್ದನ್ನು ನಾನು ಕೇಳಿಲ್ಲ, ಆ ತೆಳು ಗೋಡೆಯ ಮೇಲಾಣೆ. ಅಕ್ಕನ ಶಾಲೆಯ ದಾಖಲೆಯಲ್ಲಿ ಪೋಷಕರೆಂದು ಮಾವನ ಹೆಸರಿದೆ. ಹುಟ್ಟಿದ ಊರಿನ ಕಚೇರಿಗೆ ಎಂದೋ ನೀರು ನುಗ್ಗಿ ಹಳೆಯ ಕಡತಗಳೆಲ್ಲ ಹಾಳಾಗಿವೆ. ಅವಳು ಆ ಅಪ್ಪನ ಮಗಳು ಎಂದು ಹೇಳಬಲ್ಲವರು ಮನೆಯವರಲ್ಲಿ ಈಗ ಉಳಿದಿರುವುದು ಇಬ್ಬರೇ, ಆ ಇಬ್ಬರು ಪ್ರತಿವಾದಿಗಳು.

ಹೊರಗಿನ ಜಗುಲಿಗೆ ಬಂದದ್ದೇ ಚಿಕ್ಕವಳು ವಕೀಲರನ್ನು ಅಡ್ಡಗಟ್ಟಿದಳು. "ಅಕ್ಕ ಮಗಳಲ್ಲ ಅಂತ ಯಾರು ಹೇಳಿದ್ದು?"

"ನೀವೇ," ಎಂದರು ಅವರು, ಕೋಟು ಕಳಚುತ್ತಾ. "ನೀವು, ನಿಮ್ಮಣ್ಣ. ನಮ್ಮ ಉತ್ತರದಲ್ಲೇ ಇದೆಯಲ್ಲ."

"ನಾನು ಹಾಗೆ ಹೇಳೇ ಇಲ್ಲ!"

"ಅಯ್ಯೋ, ಅದು ಮಾಮೂಲಿ ಪದ್ಧತಿ ತಾಯಿ. ದಾವೆಯಲ್ಲಿ ಅವರು ಹೇಳಿದ ಒಂದೊಂದು ಮಾತಿಗೂ ನಾವು ಇಲ್ಲ ಅಂತ ಬರೀಬೇಕು. ಇಲ್ಲ ಅನ್ನದೇ ಇದ್ದದ್ದನ್ನ ಒಪ್ಪಿದ ಹಾಗೆ ಅಂತ ಕೋರ್ಟು ತಗೊಳ್ಳುತ್ತೆ. ಅದಕ್ಕೇ ಎಲ್ಲಾ ಪ್ರತಿವಾದಿಗಳೂ ಮೊದಲು ಎಲ್ಲಕ್ಕೂ ಇಲ್ಲ ಅಂತಾರೆ. ವಾದಿ ಮಗಳೋ? ಅಲ್ಲ, ಸಾಬೀತು ಮಾಡಲಿ. ಕಟ್ಟಡ ಅಪ್ಪಂದೋ? ಅಲ್ಲ, ಸಾಬೀತು ಮಾಡಲಿ. ಇಷ್ಟೇ."

"ಎಲ್ಲದಕ್ಕೂ ಅಂದ್ರೆ ಇದಕ್ಕೂನಾ? ಅವಳ ಹತ್ರ ಕಾಗದ ಇಲ್ಲ ಅಂತ ಅಣ್ಣನಿಗೆ ಗೊತ್ತು."

ವಕೀಲರು ಅಣ್ಣನ ಕಡೆ ನೋಡಿದರು. ಅಣ್ಣ ಗೋಡೆಯ ಮೇಲಿನ ಸೂಚನೆ ಓದುತ್ತಿದ್ದ. ಅದರಲ್ಲಿ ಉಗುಳಬಾರದು ಎಂದು ಬರೆದಿತ್ತು, ಅಷ್ಟು ಹೊತ್ತು ಓದುವಂಥದ್ದೇನೂ ಇರಲಿಲ್ಲ.

ನಾನು ನಡುವೆ ಬಾಯಿ ಹಾಕಿದೆ. "ಸ್ವಾಮಿ, ಇವಳ ಮೇಲೆ ಅಕ್ಕ ಯಾಕೆ ಕೇಸು ಹಾಕಿದ್ದು, ಅದನ್ನ ಮೊದಲು ಹೇಳಿ."

"ಇವರ ಮೇಲಾ? ಇವರ ಮೇಲೆ ಏನೂ ಇಲ್ಲ," ಎಂದರು ವಕೀಲರು. ಬೇರೆ ಕೆಲಸಕ್ಕೆ ಹೊತ್ತಾಗುತ್ತಿದೆ ಎಂಬ ಅವಸರ ಅವರದು. "ಭಾಗದ ದಾವೆಯಲ್ಲಿ ಪಾಲುದಾರರು ಅಷ್ಟೂ ಜನ ಕೋರ್ಟಿನ ಮುಂದೆ ಇರಲೇಬೇಕು, ಇಲ್ಲದಿದ್ರೆ ದಾವೆ ನಿಲ್ಲೋದಿಲ್ಲ. ಜೊತೆಗೆ ಬಂದವರನ್ನ ವಾದಿ ಅಂತಾರೆ. ಬರಲ್ಲ ಅಂದವರನ್ನ ಪ್ರತಿವಾದಿ ಅಂತ ತೋರಿಸ್ತಾರೆ. ಯಾರ ಕಡೆಗೂ ಇಲ್ಲ ಅನ್ನೋರಿಗೆ ಬೇರೆ ಜಾಗ ಇಲ್ಲ. ಪ್ರತಿವಾದಿ ಅಂದ ಮಾತ್ರಕ್ಕೆ ತಪ್ಪು ಮಾಡಿದವರು ಅಂತ ಅಲ್ಲ. ನಿಮ್ಮಕ್ಕ ನಿಮಗೂ ಒಂದು ಪಾಲು ಕೊಡಿಸಿ ಅಂತಲೇ ಕೇಳಿದ್ದಾರೆ. ನೀವು ಸುಮ್ಮನೆ ಕೂತಿದ್ರೂ ಆಗ್ತಿತ್ತು."

ಸುಮ್ಮನೆ ಕೂತಿದ್ದರೂ ಆಗುತ್ತಿತ್ತು! ನನಗೆ ಆ ಮನುಷ್ಯನ ಕೋಟಿನ ಗುಂಡಿಗಳನ್ನೆಲ್ಲ ಕಿತ್ತುಬಿಡೋಣ ಎನ್ನಿಸಿತು.

"ಅದನ್ನ ವಾಪಸ್ ತಗೊಳ್ಳಿ," ಎಂದಳು ಚಿಕ್ಕವಳು.

"ಆಗಲ್ಲಮ್ಮಾ. ಜಂಟಿ ಉತ್ತರ ಅದು, ನಿಮ್ಮಣ್ಣಂದೂ ಹೌದು," ಎಂದು ವಕೀಲರು ಹೊರಟರು.

ಅಣ್ಣ ಈಗ ಸೂಚನೆ ಓದಿ ಮುಗಿಸಿದ. "ಅವಳು ಮಗಳಲ್ಲ ಅಂತ ಆದ್ರೆ ಕಟ್ಟಡದಲ್ಲಿ ನಿನಗೆ ಅರ್ಧ. ಮುಂಭಾಗದ ಅಂಗಡಿ ಹೇಗೂ ಇದೆ. ಸುಮ್ನಿದ್ಬಿಡು," ಎಂದ. ಇಷ್ಟು ಹೇಳುವಾಗಲೂ ಅವನ ದನಿಯಲ್ಲಿ ಸಕ್ಕರೆ ಕಡಿಮೆಯಾಗಿರಲಿಲ್ಲ.

ಬಸ್ಸಿನಲ್ಲಿ ಅವಳು ಕೂರಲಿಲ್ಲ, ಸೀಟು ಖಾಲಿಯಿದ್ದರೂ ಕಂಬ ಹಿಡಿದು ನಿಂತಳು. ನಮ್ಮ ಬೀದಿ ಬಂತು, ಇಳಿಯಲಿಲ್ಲ. "ಆಸ್ಪತ್ರೆಗೆ ಹೋಗ್ತೀನಿ," ಎಂದಳು. ನಾನೂ ಜೊತೆಗೆ ಹೋದೆ.

ಕಣ್ಣಾಸ್ಪತ್ರೆಯ ಉದ್ದನೆಯ ಕೋಣೆಯಲ್ಲಿ ಗೋಡೆಯುದ್ದಕ್ಕೂ ಕುರ್ಚಿಗಳು. ಅವುಗಳಲ್ಲಿ ಕಣ್ಣು ಮುಚ್ಚಿಕೊಂಡು, ತಲೆ ಹಿಂದಕ್ಕೆ ಒರಗಿಸಿ ಕೂತ ಜನ. ಡಾಕ್ಟರು ನೋಡುವುದಕ್ಕೆ ಮುಂಚೆ ಪಾಪೆ ಹಿಗ್ಗಲೆಂದು ಅವರ ಕಣ್ಣಿಗೆ ಹನಿ ಹಾಕುವುದು ಅಕ್ಕನ ಕೆಲಸ. ಒಂದು ತುದಿಯಿಂದ ಹೊರಟು, ಒಬ್ಬೊಬ್ಬರ ಹಣೆಯ ಮೇಲೂ ಅಂಗೈ ಇಟ್ಟು, ಬೆರಳಿನಿಂದ ರೆಪ್ಪೆ ಎಳೆದು, ಹನಿ ಬಿಟ್ಟು ಮುಂದೆ ಹೋಗುತ್ತಿದ್ದಳು. ನಾನು ಬಾಗಿಲಲ್ಲೇ ನಿಂತೆ. ಚಿಕ್ಕವಳು ನೇರವಾಗಿ ಹೋಗಿ ಸಾಲಿನಲ್ಲಿ ಖಾಲಿಯಿದ್ದ ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು ಕಣ್ಣು ಮುಚ್ಚಿಕೊಂಡಳು.

ಅಕ್ಕ ಬಂದಳು. ಅಭ್ಯಾಸದ ಮೇಲೆ ಹಣೆಗೆ ಕೈ ಇಟ್ಟವಳು ಹಾಗೆಯೇ ನಿಂತುಬಿಟ್ಟಳು. ಕೈ ತೆಗೆಯಲಿಲ್ಲ, ಹನಿಯನ್ನೂ ಹಾಕಲಿಲ್ಲ.

"ಕಣ್ಣಿಗೇನಾಗಿದೆ?" ಎಂದಳು.

"ಕಣ್ಣಿಗೇನೂ ಆಗಿಲ್ಲಕ್ಕ. ನಾನು ಓದದೆ ಸಹಿ—"

"ಹಾಗಾದ್ರೆ ಏಳು. ಇದು ಪೇಶೆಂಟುಗಳ ಕುರ್ಚಿ," ಎಂದು ಅಕ್ಕ ಕೈ ಹಿಂದೆಗೆದುಕೊಂಡಳು. "ಎದುರು ಪಾರ್ಟಿಯೋರ ಜೊತೆ ಮಾತಾಡ್ಬೇಡಿ ಅಂದಿದ್ದಾರೆ ನಮ್ಮ ವಕೀಲರು."

ಮುಂದಿನ ಕುರ್ಚಿಯ ಮುದುಕನ ಹಣೆಗೆ ಕೈ ಇಟ್ಟಳು. ಮೊದಲ ಹನಿ ಅವನ ಕೆನ್ನೆಯ ಮೇಲೆ ಬಿತ್ತು. ಅವಳು ಅದನ್ನು ಹತ್ತಿಯಿಂದ ಒರೆಸಿ, ಇನ್ನೊಮ್ಮೆ ಹಾಕಿದಳು. ಚಿಕ್ಕವಳು ಕನ್ನಡಕವನ್ನು ಕೈಯಲ್ಲೇ ಹಿಡಿದುಕೊಂಡು ಬಾಗಿಲಿಗೆ ಬಂದಳು, ಹೊಸ್ತಿಲು ಕಾಣದೆ ಎಡವಿದಳು.

ಸಾಕ್ಷಿಯ ದಿನ ಬಂತು. ಅದರವರೆಗಿನ ದಿನಗಳನ್ನು ವಿವರಿಸಿ ಹೇಳುವ ತಾಳ್ಮೆ ನನಗಿಲ್ಲ. ಗೋಡೆಯಾಚೆ ಒಂದೇ ಸಮನೆ ಹೆಜ್ಜೆ ಸದ್ದು ಕೇಳಿ ಕೇಳಿ ನಾನೂ ಒಂದು ಅಂಗಿಗೆ ಎರಡು ಎಡಗೈ ಹೊಲಿದಿಟ್ಟೆ ಎಂದರೆ ಅರ್ಥ ಮಾಡಿಕೊಳ್ಳಿ.

ಅಕ್ಕ ಕಟಕಟೆ ಹತ್ತಿದಳು. ಪ್ರಮಾಣ ಮಾಡಿ, ಕೇಳಿದ್ದಕ್ಕೆಲ್ಲ ಚಿಕ್ಕ ಚಿಕ್ಕ ಉತ್ತರ ಕೊಟ್ಟಳು. ಆಮೇಲೆ ಅಣ್ಣನ ವಕೀಲರು ಎದ್ದರು.

"ಮೃತರ ಮಗಳು ಎಂದು ತೋರಿಸುವ ಒಂದು ಕಾಗದವಾದರೂ ನಿಮ್ಮಲ್ಲಿದೆಯೇ?"

"ಇಲ್ಲ."

"ಶಾಲೆಯ ದಾಖಲೆಯಲ್ಲಿ ಯಾರ ಹೆಸರಿದೆ?"

"ನಮ್ಮ ಮಾವನದು."

"ಎರಡನೇ ಪ್ರತಿವಾದಿಯನ್ನು ನೀವೇ ಸಾಕಿದಿರಿ ಎಂದಿರಿ. ಅದೇ ಎರಡನೇ ಪ್ರತಿವಾದಿ ನೀವು ತನ್ನ ಅಕ್ಕ ಎಂಬುದನ್ನು ಒಪ್ಪಿಲ್ಲ. ಸಹಿ ಹಾಕಿ ಹೇಳಿದ್ದಾರೆ. ಹಾಗಾದರೆ ಅವರು ಸುಳ್ಳು ಹೇಳುತ್ತಿದ್ದಾರೆಯೇ?"

ಹೌದು ಎಂದರೆ ಮುಗಿಯುತ್ತಿತ್ತು. ಅಕ್ಕನ ವಕೀಲೆ ಆ ಹೌದಿಗಾಗಿ ಕಾಯುತ್ತಿದ್ದುದು ನನಗೇ ಕಾಣುತ್ತಿತ್ತು. ಅಕ್ಕ ಕಟಕಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅವಳು ಸುಳ್ಳು ಹೇಳೋಳಲ್ಲ," ಎಂದಳು.

"ಅಂದರೆ?"

"ಅಂದರೆ ಅಷ್ಟೇ. ಚಿಕ್ಕಂದಿನಿಂದ ಅವಳು ಸುಳ್ಳು ಹೇಳಿದೋಳಲ್ಲ."

ತಂಗಿ ಸುಳ್ಳು ಹೇಳದವಳಾದರೆ ಅವಳು ಸಹಿ ಹಾಕಿದ್ದೂ ನಿಜವೇ ಎಂದಾಯಿತಲ್ಲ, ವಕೀಲರ ಮುಖ ಅರಳಿತು. "ಇದನ್ನು ದಾಖಲು ಮಾಡಿಕೊಳ್ಳಬೇಕು, ಸ್ವಾಮಿ."

ನ್ಯಾಯಾಧೀಶರು ಒಂದು ಕ್ಷಣ ಅಕ್ಕನನ್ನೇ ನೋಡಿ, ಬೆರಳಚ್ಚಿನವಳಿಗೆ ಹೇಳಿದರು. "ಎರಡನೇ ಪ್ರತಿವಾದಿಯು ಸುಳ್ಳು ಹೇಳುವವರಲ್ಲ ಎಂದು ಸಾಕ್ಷಿಯು ನುಡಿಯುತ್ತಾರೆ." ಯಂತ್ರ ಟಕಟಕ ಎಂದಿತು.

ನನ್ನ ಪಕ್ಕದ ಜಾಗ ಖಾಲಿಯಾಗಿತ್ತು. ಚಿಕ್ಕವಳು ಬೆಂಚುಗಳ ನಡುವಿನ ದಾರಿಗೆ ಬಂದು ನಿಂತಿದ್ದಳು.

"ಹೇಳಿದೀನಿ! ಸುಳ್ಳು ಹೇಳಿದೀನಿ ನಾನು!" ಎಂದು ಕಿರುಚಿದಳು. "ಅವಳು ನಮ್ಮಕ್ಕ!"

"ಯಾರು ನೀವು?" ಎಂದರು ನ್ಯಾಯಾಧೀಶರು.

"ಎರಡನೇ ಪ್ರತಿವಾದಿ."

"ನಿಮ್ಮ ಪರವಾಗಿ ವಕೀಲರಿದ್ದಾರೆ. ನೀವು ಹೀಗೆ ಕೂಗಬಾರದು."

"ಅವರು ನನಗೆ ಬೇಡ. ನಾನು ಅಕ್ಕನ ಕಡೆಗೆ ಹೋಗ್ತೀನಿ. ನನ್ನ ಹೆಸರನ್ನ ಅತ್ತ ಕಡೆ ಹಾಕಿ."

"ಬೇಕಿದ್ದರೆ ಅರ್ಜಿ ಕೊಡಿ," ಎಂದರು ಅವರು, ಸ್ವಲ್ಪ ಮೆತ್ತಗಿನ ದನಿಯಲ್ಲಿ. "ಆದರೆ ಅದರ ಅಗತ್ಯವಿಲ್ಲ. ಪ್ರತಿವಾದಿ ವಾದಿಯ ವಿರುದ್ಧವೇ ಮಾತಾಡಬೇಕು ಎಂದು ಕಾನೂನು ಎಲ್ಲೂ ಹೇಳುವುದಿಲ್ಲ. ಎರಡನೇ ಪ್ರತಿವಾದಿಯಾಗಿಯೇ ಇದ್ದು ನಿಜ ಹೇಳಬಹುದು. ನಿಮ್ಮ ಸರದಿ ಬಂದಾಗ ಪ್ರಮಾಣ ಮಾಡಿ ಹೇಳಿ. ಈಗ ಕೂತುಕೊಳ್ಳಿ."

ಅಕ್ಕ ಕಟಕಟೆಯಿಂದ ಇಳಿದು, ವಕೀಲೆಯ ಜೊತೆ ಪಕ್ಕದ ಬಾಗಿಲಿಂದ ಹೋಗಿಬಿಟ್ಟಳು. ಚಿಕ್ಕವಳು ಹಿಂದೆಯೇ ಓಡುವವಳಿದ್ದಳು. ನಾನು ರಟ್ಟೆ ಹಿಡಿದು ನಿಲ್ಲಿಸಿದೆ. "ಈಗ ಬೇಡ. ಅವಳು ನಿಂತಿದ್ದ ಜಾಗದಲ್ಲಿ ನೀನೂ ನಿಂತು ಹೇಳು, ಆಮೇಲೆ ಹೋಗು," ಎಂದೆ. ಎಲ್ಲಿಂದ ಬಂತೋ ನನಗೆ ಆ ಬುದ್ಧಿ.

ಆ ಸಂಜೆ ಅಣ್ಣ ಮೆಟ್ಟಿಲಿಳಿದು ಬಂದ. ಮೊದಲ ಸಲ ಅವನ ದನಿಯಲ್ಲಿ ಸಕ್ಕರೆ ಇರಲಿಲ್ಲ. "ಮುಂಭಾಗದ ಅಂಗಡಿ ಮರೆತುಬಿಡು. ನಾಳೆ ಬೀದಿಗೆ ಬಿದ್ದಾಗ ನನ್ನ ಹತ್ರ ಬರಬೇಡ," ಎಂದ.

"ಬರಲ್ಲ," ಎಂದಳು ಚಿಕ್ಕವಳು. ಅವನು ಹೋದಮೇಲೆ ಅಂಗಡಿಯ ನಾಲ್ಕೂ ಗೋಡೆಗಳನ್ನು ಸುತ್ತಿ ಸುತ್ತಿ ನೋಡಿದಳು. ಹೆದರಿಕೆಯಾಗಿತ್ತು ಅವಳಿಗೆ. ಆ ಅಂಗಡಿ ಬಿಟ್ಟರೆ ಅವಳಿಗೆ ಬೇರೆ ಜಗತ್ತೇ ಗೊತ್ತಿಲ್ಲ.

ಹೊಸ ವಕೀಲರನ್ನು ಹಿಡಿಯಲಿಲ್ಲ. ಒಬ್ಬರನ್ನು 'ಓದಿದ್ದಾರೆ' ಎಂದು ನಂಬಿದ್ದೇ ಸಾಕು ಎಂದಳು. ತನ್ನ ಕೈಬರಹದಲ್ಲೇ ಬರೆದು ವಕಾಲತ್ತು ವಾಪಸು ತೆಗೆದುಕೊಂಡಳು. ಸರದಿ ಬಂದ ದಿನ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಉಗುರಿನ ಸಂದಿಯ ಅಂಟನ್ನೆಲ್ಲ ಉಜ್ಜಿ ತೆಗೆದು ಕಟಕಟೆ ಹತ್ತಿದಳು. ಅಕ್ಕ ಮುಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು.

ವಾದಿ ನನ್ನ ಅಕ್ಕ, ನಮ್ಮಪ್ಪನ ಹಿರಿಯ ಮಗಳು ಎಂದು ಚಿಕ್ಕವಳು ಪ್ರಮಾಣ ಮಾಡಿ ಹೇಳಿದಳು. ಅಕ್ಕ ಹೊಲಿಸಿಕೊಟ್ಟ ಶಾಲೆಯ ಚೀಲ, ಜ್ವರ ಬಂದಾಗ ಕಾದು ಕೂತದ್ದು, ಅಪ್ಪ ಸಾಯುವಾಗ ಯಾರ ಕೈ ಹಿಡಿದಿದ್ದ ಎಂಬುದು, ಎಲ್ಲವನ್ನೂ ಒಂದರ ಮೇಲೊಂದು ಉಸಿರು ಕಟ್ಟಿ ಹೇಳಿದಳು. ಬೆರಳಚ್ಚಿನವಳು ನಿಧಾನ ಎಂದು ಕೈ ತೋರಿಸಬೇಕಾಯಿತು.

ಅಣ್ಣನ ವಕೀಲರು ಎದ್ದರು. "ಅಂದು ಅಲ್ಲ ಎಂದಿರಿ, ಇಂದು ಹೌದು ಎನ್ನುತ್ತೀರಿ. ಯಾವುದನ್ನು ನಂಬಬೇಕು?"

"ಆವತ್ತು ಓದದೆ ಸಹಿ ಹಾಕಿದ್ದೆ."

"ಓದಿದ್ದರೆ ಹಾಕುತ್ತಿರಲಿಲ್ಲವೇ?"

ಹಾಕುತ್ತಿರಲಿಲ್ಲ ಎನ್ನು, ಎನ್ನು ಎಂದು ನಾನು ಕೂತಲ್ಲಿಂದಲೇ ಹಲ್ಲು ಕಚ್ಚಿದೆ. ನೀರು ಕುಡಿದಷ್ಟು ಸುಲಭದ ಉತ್ತರ ಅದು.

"ಹಾಕ್ತಿದ್ದೆನೇನೋ," ಎಂದಳು. "ಆವತ್ತು ಅಷ್ಟು ಸಿಟ್ಟಿತ್ತು ನನಗೆ ಅವಳ ಮೇಲೆ. ಪ್ರತಿವಾದಿ ಅಂದ್ರೆ ಏನೂಂತ ತಿಳಿದಿರಲಿಲ್ಲ. ತಿಳ್ಕೊಳ್ಳೋಕೆ ಫೋನು ಎತ್ತಿದ್ರೆ ಸಾಕಿತ್ತು. ಎತ್ತಲಿಲ್ಲ."

ಇನ್ನು ಪ್ರಶ್ನೆಗಳಿಲ್ಲ ಎಂದು ವಕೀಲರು ಕೂತರು.

"ಇನ್ನೇನಾದರೂ ಹೇಳುವುದಿದೆಯೇ?" ಎಂದರು ನ್ಯಾಯಾಧೀಶರು.

"ಒಂದಿದೆ ಸ್ವಾಮಿ. ಹಿಂದಿನ ಸಲ ಅಕ್ಕ ಇಲ್ಲೇ ನಿಂತು, ನಾನು ಸುಳ್ಳು ಹೇಳೋಳಲ್ಲ ಅಂದ್ಲು. ನೀವು ಬರೆಸ್ಕೊಂಡ್ರಿ. ಅದನ್ನ ಹೊಡೆದುಹಾಕಿ. ಅದು ನಿಜ ಅಲ್ಲ."

ಅವರು ಹಿಂದಿನ ಪುಟಗಳನ್ನು ತಿರುವಿ ಅದನ್ನು ಹುಡುಕಿದರು. "ಇದು ವಾದಿಯ ಹೇಳಿಕೆ. ನೀವು ಕೇಳಿದಿರೆಂದು ಇದನ್ನು ತೆಗೆಯಲು ಬರುವುದಿಲ್ಲ. ತಪ್ಪಾಗಿದ್ದರೆ ಅವರೇ ಹೇಳಬೇಕು." ಮುಂದಿನ ಬೆಂಚಿನ ಕಡೆ ನೋಡಿದರು. "ಏನಮ್ಮಾ, ನೀವು ಹೇಳಿದ್ದನ್ನು ತಿದ್ದಬೇಕೇ?"

ಅಕ್ಕ ಎದ್ದು ನಿಂತಳು. ಕೋರ್ಟಿನಲ್ಲಿ ಇದೇ ಮೊದಲ ಸಲ ತಂಗಿಯ ಮುಖವನ್ನು ನೇರವಾಗಿ ನೋಡಿದಳು.

"ಬೇಡ ಸ್ವಾಮಿ," ಎಂದಳು. "ಅದು ಹಾಗೇ ಇರಲಿ."